ಕ್ವೇಕರ್ ಸಭೆಯಲ್ಲಿ ನಾನೂ ಅಟೆಂಡರ್ ಆಗಿದ್ದೆ

ನಮ್ಮಪ್ಪ ಸರ್ಕಾರಿ ಕಾಲೇಜೊಂದರಲ್ಲಿ ಅಟೆಂಡರ್ ಆಗಿದ್ದರು. ಮೊದಲ ಹನ್ನೊಂದು ವರ್ಷ ದಿನಗೂಲಿ, ಆಮೇಲೆ ಪರ್ಮನೆಂಟ್. ಬೆಲ್ ಹೊಡೆಯಬೇಕು, ಟಪಾಲು ಒಯ್ಯಬೇಕು, ಸ್ಟಾಫ್ ರೂಮಿಗೆ ಚಹಾ ತರಬೇಕು. ಉಳಿದ ಹೊತ್ತು ಪ್ರಿನ್ಸಿಪಾಲರ ಕೋಣೆಯ ಬಾಗಿಲಲ್ಲಿ ನಿಲ್ಲಬೇಕು. ಬಾಗಿಲ ಪಕ್ಕ ಒಂದು ಕಬ್ಬಿಣದ ಸ್ಟೂಲ್ ಇತ್ತು. ಅಪ್ಪ ಅದರ ಮೇಲೆ ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ಯಾರಾದರೂ ಮೇಷ್ಟ್ರು ಎದುರಿಗೆ ಬಂದರೆ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು.

ಇಂಗ್ಲೆಂಡಿಗೆ ಬಂದು ಮೂರು ವರ್ಷವಾದ ಮೇಲೆ, ಒಂದು ಭಾನುವಾರ, ಕ್ವೇಕರರ ಸಭೆಯಲ್ಲಿ ಹಿರಿಯ ಹೆಂಗಸೊಬ್ಬರು ನನ್ನ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದುಕೊಂಡರು. "ಸರಿ, ಇನ್ನು ನೀವು ನಮ್ಮ ಅಟೆಂಡರ್" ಅಂದರು. ನನಗೆ ಎದೆಯೊಳಗೆ ಏನೋ ಕುಟ್ಟಿದ ಹಾಗಾಯಿತು. ಕ್ವೇಕರರು ಅಂದರೆ ಪಾದ್ರಿ ಇಲ್ಲದೆ, ಮೌನವಾಗಿ ಕೂತು ಆರಾಧಿಸುವ, ಕ್ರೈಸ್ತ ಮೂಲದ ಒಂದು ಪಂಥದವರು. ಅವರ ಮಾತಿನಲ್ಲಿ ಅಟೆಂಡರ್ ಅಂದರೆ ಸಭೆಗೆ ತಪ್ಪದೆ ಬರುವವರು, ಆದರೆ ಇನ್ನೂ ಸದಸ್ಯರಾಗದವರು. ಅಷ್ಟೇ ಅರ್ಥ. ಅವರ ಸಭೆ ನಡೆಸುವವರಿಗೆ ಕ್ಲರ್ಕ್ ಅಂತ ಹೆಸರು. ಕ್ಲರ್ಕು, ಅಟೆಂಡರು ಎಲ್ಲರೂ ಸೇರಿ ನನಗೆ ನಮ್ಮೂರಿನ ಆಫೀಸೇ ಕಣ್ಣ ಮುಂದೆ ಬಂದಿತ್ತು.

ಅಟೆಂಡರ್ ಆಗಿದ್ದವಳು ಸದಸ್ಯೆ ಆಗುವವರೆಗೆ ಎರಡು ವರ್ಷ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನರ್ಸ್. ರಾಣೆಬೆನ್ನೂರಿನ ಕಡೆಯವಳು. 2019ರಲ್ಲಿ ಲ್ಯಾಂಕಾಶೈರ್‌ನ ಒಂದು ಆಸ್ಪತ್ರೆಗೆ ಕೆಲಸಕ್ಕೆ ಬಂದೆ. ಬಂದ ಕೆಲವೇ ತಿಂಗಳಿಗೆ ಕೋವಿಡ್ ಶುರುವಾಯಿತು. ಆ ದಿನಗಳನ್ನು ಬರೆಯಲು ನನಗೆ ಇನ್ನೂ ಆಗುವುದಿಲ್ಲ, ಬಿಡಿ.

2022ರಲ್ಲಿ ನಮ್ಮ ವಾರ್ಡಿಗೆ ತೊಂಬತ್ತು ದಾಟಿದ ಒಬ್ಬ ಅಜ್ಜಿ ಬಂದರು. ಕೊನೆಯ ದಿನಗಳು. ಒಂದು ಮಧ್ಯಾಹ್ನ ಅವರನ್ನು ನೋಡಲು ಇಬ್ಬರು ಬಂದರು. ಒಬ್ಬರು ಅಜ್ಜಿಯ ಕೈ ಹಿಡಿದುಕೊಂಡರು. ಇನ್ನೊಬ್ಬರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಮಾತೇ ಇಲ್ಲ. ಪ್ರಾರ್ಥನೆ ಹೇಳಲಿಲ್ಲ, ಪುಸ್ತಕ ಓದಲಿಲ್ಲ, ಫೋನ್ ತೆಗೆಯಲಿಲ್ಲ. ನಾನು ಎರಡು ಸಲ ಡ್ರಿಪ್ ನೋಡಲು ಹೋಗಿ ಬಂದೆ. ಆಗಲೂ ಹಾಗೇ ಕೂತಿದ್ದರು. ಪಾಪ, ಏನು ಮಾತಾಡಬೇಕು ಅಂತ ತೋಚುತ್ತಿಲ್ಲ ಅಂದುಕೊಂಡೆ. ಆದರೆ ಅಜ್ಜಿಯ ಉಸಿರು ನಿಧಾನಕ್ಕೆ ಹತೋಟಿಗೆ ಬಂದಿತ್ತು. ಬೆಳಗ್ಗೆಯಿಂದ ಹೊದಿಕೆ ಕಿತ್ತು ಕಿತ್ತು ಹಾಕುತ್ತಿದ್ದ ಬೆರಳುಗಳು ಸುಮ್ಮನಾಗಿದ್ದವು. ಆ ಬೆರಳುಗಳನ್ನು ನಾನು ಮರೆಯಲಾರೆ.

ಹೊರಡುವಾಗ ಕೇಳಿದೆ, ನೀವು ಏನು ಮಾಡುತ್ತಿದ್ದಿರಿ ಅಂತ. "ಅವರನ್ನು ಬೆಳಕಿನಲ್ಲಿ ಹಿಡಿದುಕೊಂಡಿದ್ದೆವು" ಅಂದರು. ಕ್ವೇಕರರು ಹೀಗೇ ಹೇಳುವುದು. ಒಬ್ಬರಿಗಾಗಿ ದೇವರ ಹತ್ತಿರ ಇದು ಕೊಡು, ಅದು ಕೊಡು ಅಂತ ಕೇಳುವುದಿಲ್ಲ. ಅವರನ್ನು ಮನಸ್ಸಿನಲ್ಲಿ ಬೆಳಕಿಗೆ ಹಿಡಿದು ಕೂರುತ್ತಾರೆ.

ಮುಂದಿನ ರಜೆಯ ಭಾನುವಾರ ಅವರ ಮೀಟಿಂಗ್ ಹೌಸ್‌ಗೆ ಹೋದೆ. ಹೊರಗಿನಿಂದ ನೋಡಿದರೆ ಯಾರದೋ ಹಳೇ ಕಲ್ಲಿನ ಮನೆ ಅನ್ನಬೇಕು. ಶಿಲುಬೆ ಇಲ್ಲ, ಗೋಪುರ ಇಲ್ಲ, ಗಂಟೆ ಇಲ್ಲ. ಒಳಗೆ ಬಿಳಿ ಗೋಡೆ. ಪಾದ್ರಿ ಇಲ್ಲ, ಪೀಠ ಇಲ್ಲ. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ನಡುವೆ ಒಂದು ಮೇಜು. ಅದರ ಮೇಲೆ ಜಾಮ್ ಬಾಟಲಿಯಲ್ಲಿ ಇಟ್ಟ ಹೂವು, ಒಂದು ಬೈಬಲ್, ಕೆಂಪು ರಟ್ಟಿನ ಇನ್ನೊಂದು ಪುಸ್ತಕ. ಹದಿನಾಲ್ಕು ಜನ ಇದ್ದರು. ಹೆಚ್ಚಿನವರಿಗೆ ಅರವತ್ತು ದಾಟಿತ್ತು.

ಹತ್ತೂವರೆಗೆ ಶುರು ಅಂತ ಬೋರ್ಡಿನಲ್ಲಿತ್ತು. ನಾನು ಶುರುವಾಗಲಿ ಅಂತ ಕಾಯುತ್ತಾ ಕೂತೆ. ಹತ್ತು ನಿಮಿಷ ಕಾದ ಮೇಲೆ ಗೊತ್ತಾಯಿತು, ಆಗಲೇ ಶುರುವಾಗಿದೆ ಅಂತ.

ಒಂದು ಗಂಟೆ ಸುಮ್ನೆ ಕೂರುವುದು ಸುಲಭ ಅಲ್ಲ. ಹೊಟ್ಟೆ ಗುರುಗುಟ್ಟುತ್ತದೆ. ಹೀಟರ್ ಪೈಪಿನಲ್ಲಿ ಟಿಕ್ ಟಿಕ್ ಸದ್ದು. ಯಾರದೋ ಕೆಮ್ಮು. ನನ್ನ ತಲೆಯಲ್ಲಿ ವಾರ್ಡು, ಮಾತ್ರೆ ಲೆಕ್ಕ, ಊರಿಗೆ ಕಳಿಸಬೇಕಾದ ದುಡ್ಡು. ನಲವತ್ತು ನಿಮಿಷ ಕಳೆದಿರಬೇಕು, ಒಬ್ಬರು ಎದ್ದು ನಿಂತು ನಾಲ್ಕೈದು ವಾಕ್ಯ ಹೇಳಿ ಕೂತರು. ತಮ್ಮ ತೋಟದಲ್ಲಿ ಸತ್ತು ಬಿದ್ದಿದ್ದ ಹಕ್ಕಿಯ ವಿಷಯ. ಯಾರೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಆ ಮಾತು ನೀರಿಗೆ ಬಿದ್ದ ಕಲ್ಲಿನ ಹಾಗೆ ತಳಕ್ಕೆ ಇಳಿಯಿತು. ಹನ್ನೊಂದೂವರೆಗೆ ಇಬ್ಬರು ಹಿರಿಯರು ಕೈ ಕುಲುಕಿದರು. ಆಮೇಲೆ ಎಲ್ಲರೂ ಅಕ್ಕಪಕ್ಕದವರ ಕೈ ಕುಲುಕಿದರು. ಸಭೆ ಮುಗಿಯಿತು. ಚಹಾ, ಬಿಸ್ಕತ್ತು.

ನೀವು ಯಾವ ಧರ್ಮದವರು ಅಂತ ಆ ದಿನ ಯಾರೂ ಕೇಳಲಿಲ್ಲ. ರಾತ್ರಿ ಪಾಳಿ ಇತ್ತಾ, ನಿದ್ದೆ ಆಯಿತಾ ಅಂತ ಕೇಳಿದರು.

ಆಮೇಲೆ ಹೋಗುತ್ತಲೇ ಇದ್ದೆ. ಊರಿನಲ್ಲಿ ತಮ್ಮನಿಗೆ ಹೇಳಿದರೆ "ಕ್ವೇಕರ್ ಅಂದ್ರ ಓಟ್ಸ್ ಕಂಪನಿನಾ?" ಅಂದ. ಅಲ್ಲ. ಆ ಓಟ್ಸ್ ಕಂಪನಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಡಬ್ಬದ ಮೇಲೆ ಹೆಸರು ಹಾಕಿಕೊಂಡಿದ್ದಾರೆ ಅಷ್ಟೇ. ಸಂಬಂಧ ಇದ್ದದ್ದು ಕ್ಯಾಡ್‌ಬರಿ ಚಾಕೊಲೇಟಿಗೆ. ಕ್ಯಾಡ್‌ಬರಿ ಮನೆತನದವರು ಕ್ವೇಕರರು. ಬರ್ಮಿಂಗ್‌ಹ್ಯಾಮ್ ಹತ್ತಿರ ಬೋರ್ನ್‌ವಿಲ್‌ನಲ್ಲಿ ಫ್ಯಾಕ್ಟರಿಯ ಜೊತೆಗೆ ತೋಟ ಇರುವ ಮನೆಗಳ ಒಂದು ಊರನ್ನೇ ಕಟ್ಟಿಸಿದರು. ಅಲ್ಲೇ ಪಕ್ಕದ ವುಡ್‌ಬ್ರೂಕ್ ಎಂಬ ತಮ್ಮ ಮನೆಯನ್ನು ಜಾರ್ಜ್ ಕ್ಯಾಡ್‌ಬರಿ ಕ್ವೇಕರರ ಓದಿನ ಕೇಂದ್ರಕ್ಕೆ ಬಿಟ್ಟುಕೊಟ್ಟರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದಾಗ ಗಾಂಧೀಜಿ ಅಲ್ಲಿಗೂ ಹೋಗಿದ್ದರು. ಅಲ್ಲಿ ಪಾಠ ಮಾಡುತ್ತಿದ್ದ ಹೊರೇಸ್ ಅಲೆಕ್ಸಾಂಡರ್ ಗಾಂಧೀಜಿಯ ಆಪ್ತರು. 1947ರ ಆಗಸ್ಟಿನಲ್ಲಿ ಕಲ್ಕತ್ತದಲ್ಲಿ ಗಲಭೆ ನಿಲ್ಲಿಸಲು ಗಾಂಧೀಜಿ ಕೂತಿದ್ದಾಗ ಈ ಕ್ವೇಕರ್ ಅವರ ಜೊತೆಗಿದ್ದರು. ಇದನ್ನೆಲ್ಲ ನನಗೆ ಹೇಳಿದ್ದು ಚಹಾ ಪಾತ್ರೆ ತೊಳೆಯುವಾಗ ಪಕ್ಕದಲ್ಲಿದ್ದ ಒಬ್ಬ ರಿಟೈರ್ಡ್ ಬಸ್ ಡ್ರೈವರ್.

ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಮಾತ್ರ ಬೇರೆ.

ಕ್ವೇಕರರು ಶುರುವಾದದ್ದು 1650ರ ಆಸುಪಾಸಿನಲ್ಲಿ. ನೇಕಾರನ ಮಗ ಜಾರ್ಜ್ ಫಾಕ್ಸ್ ಮೊದಲಿಗ. ದೇವರ ಬೆಳಕು ಪ್ರತಿಯೊಬ್ಬರೊಳಗೂ ಇದೆ, ನಡುವೆ ಪಾದ್ರಿ ಬೇಕಿಲ್ಲ ಅಂದ. ಅದು ಎಲ್ಲರೊಳಗೂ ಇರುವುದಾದರೆ ಒಬ್ಬ ಮೇಲೆ, ಒಬ್ಬ ಕೆಳಗೆ ಅನ್ನುವುದು ಹೇಗೆ? ಹಾಗಾಗಿ ಅವರು ದೊಡ್ಡವರ ಮುಂದೆ ಹ್ಯಾಟು ತೆಗೆಯುವುದನ್ನು ಬಿಟ್ಟರು. ಆಗ ಇಂಗ್ಲಿಷಿನಲ್ಲೂ ನಮ್ಮ ಹಾಗೆ ನೀನು, ನೀವು ಎರಡೂ ಇದ್ದವು. ಕ್ವೇಕರರು ಜಡ್ಜ್‌ಗೂ ನೀನು, ಜೀತದವನಿಗೂ ನೀನು ಅಂದರು. ಇದಕ್ಕೆ ಒದೆ ತಿಂದರು, ಜೈಲಿಗೆ ಹೋದರು. 1670ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರ್ ಮೇಲೆ ಕೇಸು ನಡೆದಾಗ, ಹ್ಯಾಟಿಲ್ಲದೆ ನಿಂತಿದ್ದವನ ತಲೆಗೆ ಕೋರ್ಟಿನವರೇ ಹ್ಯಾಟು ಹಾಕಿಸಿ, ಅದನ್ನು ತೆಗೆಯಲಿಲ್ಲ ಅಂತ ದಂಡ ಹಾಕಿದರು.

ಇದನ್ನು ಮೊದಲ ಸಲ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣ ಮುಂದೆ ಅಪ್ಪನ ಟವೆಲ್. ಹೆಗಲಿನಿಂದ ಕಂಕುಳಿಗೆ, ಕಂಕುಳಿನಿಂದ ಹೆಗಲಿಗೆ. ದಿನಕ್ಕೆ ಎಷ್ಟು ಸಲವೋ. ಮುನ್ನೂರೈವತ್ತು ವರ್ಷದ ಹಿಂದೆ ಯಾರೋ ಒಂದಷ್ಟು ಜನ ಇದೇ ವಿಷಯಕ್ಕೆ ಜೈಲಿಗೆ ಹೋಗಿದ್ದರು ಅನ್ನುವುದು ನನಗೆ ತಡೆಯಲಾಗಲಿಲ್ಲ.

ಈಗ ಹ್ಯಾಟಿನ ಕಥೆ ಇಲ್ಲ. ಆದರೆ ಇವತ್ತಿಗೂ ಮಿಸ್ಟರ್, ಮಿಸೆಸ್, ಡಾಕ್ಟರ್ ಏನೂ ಇಲ್ಲ. ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಎಂಬತ್ತನಾಲ್ಕು ವರ್ಷದವರನ್ನು ಬರೀ ಹೆಸರಿನಿಂದ ಕರೆಯಲು ನನ್ನ ನಾಲಿಗೆ ಎಷ್ಟೋ ತಿಂಗಳು ಏಳಲಿಲ್ಲ. ಜೊತೆಗೆ ಇನ್ನೊಂದಿದೆ. ಭಾನುವಾರ ಬಾಗಿಲಲ್ಲಿ ನಿಂತು ಬಂದವರ ಕೈ ಕುಲುಕುವ ಕೆಲಸಕ್ಕೆ ಸರದಿ ಪಟ್ಟಿ ಇರುತ್ತದೆ. ಒಂದು ವಾರ ರಿಟೈರ್ಡ್ ಡಾಕ್ಟರು, ಒಂದು ವಾರ ಬಸ್ ಡ್ರೈವರು, ಒಂದು ವಾರ ನಾನು. ಬಾಗಿಲು ಕಾಯುವುದು ಕೀಳು ಕೆಲಸ ಅಲ್ಲ, ಎಲ್ಲರಿಗೂ ಬರುವ ಸರದಿ ಅಂತ ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಒಂದು ವರ್ಷ ನಾನು ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಯಾರು ಬೇಕಾದರೂ ಎದ್ದು ಮಾತಾಡಬಹುದು. ಹೆಂಗಸರಿಗೆ ಈ ಹಕ್ಕು ಮೊದಲಿನಿಂದಲೂ ಇದೆ. ಮಾರ್ಗರೆಟ್ ಫೆಲ್ ಎಂಬಾಕೆ ಲ್ಯಾಂಕಾಸ್ಟರ್ ಜೈಲಿನಲ್ಲಿದ್ದಾಗಲೇ ಹೆಂಗಸರು ಧರ್ಮದ ಮಾತಾಡಬಹುದು ಅಂತ ವಾದಿಸಿ ಬರೆದಳು, 1666ರಲ್ಲಿ. ಆದರೆ ಮಾತಾಡಬಹುದು ಅಂದ ಮಾತ್ರಕ್ಕೆ ಮಾತಾಡುವುದಲ್ಲ. ಮೊದಲೇ ತಯಾರಿ ಮಾಡಿಕೊಂಡು ಬರುವ ಹಾಗಿಲ್ಲ. ಒಳಗಿನಿಂದ ಒಂದು ಮಾತು ಎದ್ದು ಬಂದರೆ ಕಾಯಬೇಕು. ಇದು ನನಗೊಬ್ಬಳಿಗೇನಾ, ಎಲ್ಲರಿಗೂ ಹೇಳಬೇಕಾದದ್ದಾ? ಈಗ ಹೇಳಬೇಕಾ? ಕಾದರೂ ಅದು ಹೋಗದಿದ್ದರೆ, ಕೂತಿರಲು ಆಗದೇ ಇದ್ದರೆ, ಆಗ ಏಳುವುದು.

2023ರ ವಸಂತದ ಒಂದು ಭಾನುವಾರ ನನಗೆ ಹಾಗಾಯಿತು. ಎದೆ ಡವಡವ ಹೊಡೆದುಕೊಳ್ಳತೊಡಗಿತು. ನರ್ಸ್ ಅಲ್ವಾ, ಮೊದಲು ನಾಡಿ ಹಿಡಿದು ನೋಡಿಕೊಂಡೆ. ನೂರಾ ಹದಿನೆಂಟು. ಮೊಣಕಾಲು ನಡುಗುತ್ತಿದ್ದವು. ಕ್ವೇಕರ್ ಅಂದರೆ ನಡುಗುವವರು ಅಂತ. 1650ರಲ್ಲಿ ಡರ್ಬಿಯ ಜಡ್ಜ್ ಒಬ್ಬ ಹಂಗಿಸಿ ಇಟ್ಟ ಹೆಸರು. ಅವರು ತಮ್ಮನ್ನು ಫ್ರೆಂಡ್ಸ್ ಅಂತ ಕರೆದುಕೊಳ್ಳುತ್ತಾರೆ. ಆ ಜಡ್ಜ್ ಯಾಕೆ ಹಾಗೆ ಹೆಸರಿಟ್ಟ ಅಂತ ನನಗೆ ಅವತ್ತು ಗೊತ್ತಾಯಿತು.

ಎದ್ದು ನಿಂತೆ. "ನಮ್ಮಪ್ಪ ಮೂವತ್ತೆರಡು ವರ್ಷ ಅಟೆಂಡರ್ ಆಗಿದ್ದರು" ಅಂದೆ. ಕೆಲವರ ಮುಖದಲ್ಲಿ ಸಂತೋಷ ಮೂಡಿತು. ಅಪ್ಪನೂ ಯಾವುದೋ ಕ್ವೇಕರ್ ಸಭೆಗೆ ಹೋಗುತ್ತಿದ್ದರು ಅಂದುಕೊಂಡಿದ್ದರು. "ನಮ್ಮ ಊರಿನಲ್ಲಿ ಅಟೆಂಡರ್ ಅಂದರೆ ಬಾಗಿಲಲ್ಲಿ ನಿಲ್ಲುವವನು. ಮೂವತ್ತೆರಡು ವರ್ಷ ಅಪ್ಪ ನಿಂತೇ ಇದ್ದರು. ನಾನು ಇಲ್ಲಿ ಪ್ರತಿ ವಾರ ಕೂತುಕೊಳ್ಳುವಾಗ ಅವರೂ ಕೂತಂತೆ ಅನ್ನಿಸುತ್ತದೆ." ಅಷ್ಟೇ ಹೇಳಿದ್ದು. ಕೂತೆ. ಮತ್ತೆ ನಿಶ್ಶಬ್ದ. ಆ ನಿಶ್ಶಬ್ದ ಮೊದಲಿನ ಹಾಗಿರಲಿಲ್ಲ. ದಪ್ಪಗಿತ್ತು, ಕಂಬಳಿಯ ಹಾಗೆ.

ಸಭೆ ಮುಗಿದ ಮೇಲೆ ಚೆನ್ನಾಗಿ ಮಾತಾಡಿದಿರಿ ಅಂತ ಯಾರೂ ಹೊಗಳಲಿಲ್ಲ. ಹಾಗೆ ಹೊಗಳುವ ರೂಢಿ ಇಲ್ಲ. ಒಬ್ಬರು ಮಾತ್ರ ಹತ್ತಿರ ಬಂದು ಅಪ್ಪನ ಹೆಸರೇನು ಅಂತ ಕೇಳಿದರು.

ಪ್ರತಿ ಬೇಸಿಗೆಯಲ್ಲಿ ಒಂದು ದಿನ ಎಲ್ಲರೂ ಪೆಂಡಲ್ ಬೆಟ್ಟ ಹತ್ತುತ್ತೇವೆ. 557 ಮೀಟರ್, ನಮ್ಮ ಮಲೆನಾಡಿನವರು ಗುಡ್ಡ ಅಂದಾರು. 1652ರಲ್ಲಿ ಫಾಕ್ಸ್ ಇದನ್ನು ಹತ್ತಿ, ಒಂದುಗೂಡಬೇಕಾದ ದೊಡ್ಡ ಜನಸಮೂಹವನ್ನು ಕಂಡೆ ಅಂದ. ಈಗ ಹತ್ತುವವರು ಹತ್ತು ಜನ. ಇಡೀ ಬ್ರಿಟನ್ನಿನಲ್ಲಿ ಸದಸ್ಯರು 12 ಸಾವಿರಕ್ಕಿಂತ ಕಡಿಮೆ. ಇಂಗ್ಲೆಂಡಿಗಿಂತ ಕೆನ್ಯಾದಲ್ಲಿ ಕ್ವೇಕರರು ಎಷ್ಟೋ ಜಾಸ್ತಿ. ನಮ್ಮ ಸಭೆಯ ದೊಡ್ಡ ಚಿಂತೆಯೂ ಇದೇ. ಖಜಾಂಚಿ ಆಗುವವರು ಯಾರು? ಚಾವಣಿಯ ಹಂಚು ರಿಪೇರಿಗೆ ದುಡ್ಡು ಎಲ್ಲಿಂದ? ಗ್ಯಾಸ್ ಬಾಯ್ಲರ್ ತೆಗೆದು ಭೂಮಿಗೆ ಹಗುರಾದದ್ದು ಹಾಕಬೇಕು, ಅದಕ್ಕೆ ಎಷ್ಟು ಖರ್ಚು? ಪಾದ್ರಿ ಇಲ್ಲದ ಕಡೆ ಪಾದ್ರಿಯ ಕೆಲಸವನ್ನೆಲ್ಲ ಎಲ್ಲರೂ ಹಂಚಿಕೊಳ್ಳಬೇಕು. ಹಂಚಿಕೊಳ್ಳುವ ಕೈಗಳು ಕಡಿಮೆಯಾಗುತ್ತಿವೆ.

ಈಗ ಒಂದು ಸಭೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸದಸ್ಯೆಯಾಗಬೇಕು ಅಂತ ನನಗೆ ಅನ್ನಿಸಿದ್ದೂ, ಬೇಡ ಅನ್ನಿಸಿದ್ದೂ ಅದೇ ಸಭೆಯಿಂದ.

ತಿಂಗಳಿಗೊಮ್ಮೆ ವ್ಯವಹಾರದ ಸಭೆ ಇರುತ್ತದೆ. ಅದೂ ಮೌನದಿಂದಲೇ ಶುರು. ಓಟು ಹಾಕುವುದಿಲ್ಲ. ಬಹುಮತ ಅನ್ನುವುದೇ ಇಲ್ಲ. ಕ್ಲರ್ಕ್ ವಿಷಯ ಮುಂದಿಡುತ್ತಾರೆ. ಮಾತಾಡಬೇಕಾದವರು ಏಳುತ್ತಾರೆ, ಕ್ಲರ್ಕ್ ಹೆಸರು ಕರೆದ ಮೇಲೆ ಒಂದು ಸಲ ಮಾತಾಡಿ ಕೂರುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರು ತಕ್ಷಣ ಬೀಳುವ ಹಾಗಿಲ್ಲ, ನಡುವೆ ಬಿಡುವು ಬಿಡಬೇಕು. ಎಲ್ಲರ ಮಾತು ಕೇಳಿ ಸಭೆ ಯಾವ ಕಡೆ ಹೋಗುತ್ತಿದೆ ಅಂತ ತಿಳಿದು ಕ್ಲರ್ಕ್ ಅಲ್ಲೇ ಕೂತು ನಡಾವಳಿ ಬರೆಯುತ್ತಾರೆ. ಬರೆಯುವಾಗ ಉಳಿದವರೆಲ್ಲ ಸುಮ್ಮನೆ ಕೂತು ಅವರನ್ನು ಬೆಳಕಿನಲ್ಲಿ ಹಿಡಿದುಕೊಂಡಿರುತ್ತಾರೆ. ಆಮೇಲೆ ಓದುತ್ತಾರೆ. ಒಂದು ಪದ ಸರಿಯಿಲ್ಲ ಅಂದರೂ ತಿದ್ದುತ್ತಾರೆ. ಸರಿ ಅನ್ನಿಸಿದರೆ ಎಲ್ಲರೂ "ಹೋಪ್ ಸೋ" ಅನ್ನುತ್ತಾರೆ. ಒಪ್ಪಿದ್ದೇವೆ ಅಂತಲ್ಲ, ಇದು ಸರಿಯಿರಲಿ ಎಂಬ ಆಸೆ ಅಂತ. ನಾವು ಸರಿ ಅಂತ ಅಷ್ಟು ಗಟ್ಟಿಯಾಗಿ ಹೇಳಿಕೊಳ್ಳದ ಈ ಮಾತು ನನಗೆ ಬಹಳ ಇಷ್ಟ. ನಮ್ಮ ಕಡೆ ಸಭೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ನಡಾವಳಿ ಬರೆದು, ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವುದನ್ನು ನೋಡಿ ಬೆಳೆದವಳು ನಾನು. ಆ ಪುಸ್ತಕ ಹಿಡಿದುಕೊಂಡು ಓಡಾಡುತ್ತಿದ್ದವರೂ ಅಪ್ಪನೇ.

2023ರ ನವೆಂಬರ್. ನಮ್ಮ ಊರಿನ ಒಂದು ಹೋಟೆಲಿನಲ್ಲಿ ಬೇರೆ ದೇಶಗಳಿಂದ ಆಶ್ರಯ ಕೇಳಿ ಬಂದವರನ್ನು ಇಟ್ಟಿದ್ದರು. ಅವರಿಗೆ ಕೆಲಸ ಮಾಡಲು ಅನುಮತಿ ಇಲ್ಲ, ದಿನವಿಡೀ ರೂಮಿನಲ್ಲೇ. ಅವರಿಗಾಗಿ ದುಡಿಯುವ ಒಂದು ಗುಂಪು ಕೇಳಿತು, ವಾರಕ್ಕೆ ಎರಡು ದಿನ ನಿಮ್ಮ ಹಾಲ್ ಕೊಡಿ, ಬೆಚ್ಚಗೆ ಕೂತು ಚಹಾ ಕುಡಿಯಲಿ, ಇಂಗ್ಲಿಷ್ ಕಲಿಯಲಿ ಅಂತ. ಆದರೆ ಆ ಹೊತ್ತಿಗೆ ಹಾಲನ್ನು ಒಂದು ಯೋಗ ಕ್ಲಾಸಿಗೆ ಬಾಡಿಗೆಗೆ ಕೊಟ್ಟಿದ್ದೆವು. ಆ ಬಾಡಿಗೆಯಿಂದಲೇ ಗ್ಯಾಸ್ ಬಿಲ್ ಕಟ್ಟುತ್ತಿದ್ದದ್ದು.

ನನಗೆ ಇದರಲ್ಲಿ ಯೋಚಿಸಲು ಏನಿದೆ ಅನ್ನಿಸಿತು. ಹೊರಗೆ ಚಳಿ, ಒಳಗೆ ಹಾಲ್ ಇದೆ, ಬಾಗಿಲು ತೆಗೆದರಾಯಿತು. ಹೆಚ್ಚಿನವರು ಹಾಗೇ ಹೇಳಿದರು. ಒಬ್ಬರು ಮಾತ್ರ ಎದ್ದು, "ನನಗೆ ಇದರಲ್ಲಿ ಇನ್ನೂ ಸಮಾಧಾನ ಬಂದಿಲ್ಲ" ಅಂದರು. ಯೋಗ ಕಲಿಸುವವರ ಹೊಟ್ಟೆಪಾಡು ಅದು, ಅವರ ಹತ್ತಿರ ನಾವು ಮಾತೇ ಆಡಿಲ್ಲ ಅಂದರು. ಕ್ಲರ್ಕ್ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬರೆದು ಓದಿದರು, "ಇವತ್ತು ನಾವು ಒಂದೇ ಮನಸ್ಸಿಗೆ ಬರಲಾಗಲಿಲ್ಲ. ಮುಂದಿನ ತಿಂಗಳು ಮತ್ತೆ ಕೂರುತ್ತೇವೆ." ಹೋಪ್ ಸೋ, ಹೋಪ್ ಸೋ.

ನನಗೆ ಸಿಟ್ಟು ಬಂತು. ಹನ್ನೆರಡು ಜನರ ಮಾತು ಒಬ್ಬರಿಂದ ನಿಂತಿತಲ್ಲ. ಹೊರಗಿನವರ ಕಾಲಿಗೆ ಸರಿಯಾದ ಬೂಟಿಲ್ಲ. ಚಹಾ ಕುಡಿಯದೆ ಮನೆಗೆ ಹೋದೆ. ಎರಡು ಭಾನುವಾರ ಹೋಗಲೇ ಇಲ್ಲ.

ಮುಂದಿನ ತಿಂಗಳ ಸಭೆಯ ಹೊತ್ತಿಗೆ ಆ ಮನುಷ್ಯ ತಾವೇ ಹೋಗಿ ಯೋಗದ ಟೀಚರ್ ಹತ್ತಿರ ಮಾತಾಡಿ ಬಂದಿದ್ದರು. ಅವರು ಚಿಕ್ಕ ಕೋಣೆಗೆ ಹೋಗಲು ಒಪ್ಪಿದ್ದರು. ಅಷ್ಟೇ ಅಲ್ಲ, ಆ ಟೀಚರ್ ವಾರಕ್ಕೊಮ್ಮೆ ಹೋಟೆಲಿನ ಹೆಂಗಸರಿಗೆ ದುಡ್ಡಿಲ್ಲದೆ ಕಲಿಸುತ್ತೇನೆ ಅಂದಿದ್ದರಂತೆ. ಕಮ್ಮಿಯಾಗುವ ಬಾಡಿಗೆಯನ್ನು ನಾವು ಹಂಚಿಕೊಂಡೆವು. ಜನವರಿಯಲ್ಲಿ ಬಾಗಿಲು ತೆರೆಯಿತು. ಯಾರೂ ಸೋತಿರಲಿಲ್ಲ. ಮೊದಲ ದಿನ ಬಂದವರಿಗೆ ಚಹಾ ಕೊಡಲು ನಿಂತವರು ಅದೇ ಮನುಷ್ಯ. ಅವತ್ತು ನಾವು ಓಟು ಹಾಕಿ ಗೆದ್ದಿದ್ದರೆ ಅವರು ಅಲ್ಲಿ ನಿಂತಿರುತ್ತಿರಲಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ನವೆಂಬರ್‌ನಿಂದ ಜನವರಿವರೆಗೆ ಕೆಲವರು ಚಳಿಯಲ್ಲಿ ಇದ್ದರು. ನಮ್ಮ ನಿಧಾನದ ಬೆಲೆ ಕಟ್ಟಿದವರು ಅವರು, ನಾವಲ್ಲ. ಇದನ್ನು ನಾನು ಸಭೆಯಲ್ಲೂ ಹೇಳಿದೆ. ಅದೂ ನಡಾವಳಿಯಲ್ಲಿ ಸೇರಿತು.

ಇನ್ನೊಂದು ದಿನ ಲ್ಯಾಂಕಾಸ್ಟರ್‌ಗೆ ಹೋಗಿದ್ದೆವು. ಫಾಕ್ಸ್‌ನನ್ನು ಕೂಡಿಹಾಕಿದ್ದ ಕೋಟೆ ನೋಡಲು ಅಂದುಕೊಂಡಿದ್ದೆ. ನಮ್ಮನ್ನು ಮೊದಲು ಕರೆದೊಯ್ದದ್ದು ನದಿ ದಂಡೆಗೆ. ಗುಲಾಮರ ವ್ಯಾಪಾರ ಮಾಡಿದ ಇಂಗ್ಲೆಂಡಿನ ದೊಡ್ಡ ಬಂದರುಗಳಲ್ಲಿ ಲ್ಯಾಂಕಾಸ್ಟರ್ ನಾಲ್ಕನೆಯದು. ಅಲ್ಲಿ 2005ರಲ್ಲಿ ನಿಲ್ಲಿಸಿದ ಸ್ಮಾರಕ ಇದೆ. ಗುಲಾಮಗಿರಿಯ ವಿರುದ್ಧ 1783ರಲ್ಲೇ ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟವರು ಕ್ವೇಕರರು. 1787ರ ಹೋರಾಟದ ಸಮಿತಿಯ ಹನ್ನೆರಡು ಜನರಲ್ಲಿ ಒಂಬತ್ತು ಜನ ಇವರೇ. ಇದನ್ನು ಎದೆ ಉಬ್ಬಿಸಿ ಹೇಳಬಹುದಿತ್ತು. ಆದರೆ ಅವತ್ತು ನಮ್ಮವರು ಓದಿದ್ದು ಬೇರೆ. ಅದಕ್ಕೂ ಮೊದಲು ಇದೇ ದಂಡೆಯಿಂದ ಗುಲಾಮರ ಹಡಗು ಕಳಿಸಿ ದುಡ್ಡು ಮಾಡಿದ ಕ್ವೇಕರ್ ವ್ಯಾಪಾರಿಗಳೂ ಇದ್ದರು ಅನ್ನುವುದನ್ನು. ಅಂಥವರನ್ನು ಹೊರಗಿಡುತ್ತೇವೆ ಅಂತ ಕ್ವೇಕರರು ಗಟ್ಟಿಯಾಗಿ ಹೇಳಿದ್ದು 1761ರಲ್ಲಿ. 2022ರಲ್ಲಿ ಬ್ರಿಟನ್ನಿನ ಕ್ವೇಕರರು ಆ ಪಾಪಕ್ಕೆ ಪರಿಹಾರ ಕೊಡುವ ದಾರಿ ಹುಡುಕಲು ನಿರ್ಧರಿಸಿದರು. ನಮ್ಮ ಚಿಕ್ಕ ಸಭೆಯಲ್ಲೂ ಆ ಮಾತು ನಡೆಯುತ್ತಲೇ ಇದೆ, ಇನ್ನೂ ಮುಗಿದಿಲ್ಲ.

ನದಿ ಇಳಿದಿತ್ತು, ಬರೀ ಕೆಸರು. ನನಗೆ ನಮ್ಮೂರಿನ ಎರಡು ಬಾವಿ ನೆನಪಾದವು. ಯಾರು ಯಾವ ಬಾವಿಯ ನೀರು ಸೇದಬೇಕು ಅಂತ ನಾವು ಮಕ್ಕಳಿಗೂ ಗೊತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು. ನಮ್ಮ ಮನೆಯವರು ಸೇದುತ್ತಿದ್ದದ್ದು ಒಳ್ಳೆಯ ನೀರಿನ ಬಾವಿಯಲ್ಲಿ. ಟವೆಲ್ ತೆಗೆದು ನಿಲ್ಲುತ್ತಿದ್ದ ನಮ್ಮಪ್ಪನ ಮುಂದೆಯೂ ಟವೆಲ್ ತೆಗೆದು ನಿಲ್ಲುವವರು ಇದ್ದರು. ಇದನ್ನು ನಾನು ಅದಕ್ಕೂ ಮೊದಲು ಯಾರಿಗೂ ಹೇಳಿರಲಿಲ್ಲ. ಅವತ್ತು ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದೆ. ತಮ್ಮವರ ತಪ್ಪನ್ನು ಎದುರಿಗಿಟ್ಟುಕೊಂಡು ಕೂರುವ ಜನರ ಜೊತೆ ನಾನೂ ಇರಬೇಕು ಅಂತ ನಿರ್ಧಾರವಾದದ್ದು ಅಲ್ಲೇ.

2024ರ ಬೇಸಿಗೆಯಲ್ಲಿ ಪತ್ರ ಬರೆದೆ. ಸದಸ್ಯತ್ವ ಕೊಡುವುದು ನಮ್ಮ ಒಂದು ಊರಿನ ಸಭೆ ಅಲ್ಲ. ಸುತ್ತಲಿನ ಹಲವು ಊರುಗಳು ಸೇರಿದ ಏರಿಯಾ ಮೀಟಿಂಗ್. ಅದರ ಕ್ಲರ್ಕ್‌ಗೆ ಪತ್ರ. ಯಾವ ಫಾರ್ಮೂ ಇಲ್ಲ, ಫೀಸೂ ಇಲ್ಲ. ಅಮ್ಮ ಫೋನಿನಲ್ಲಿ ಅತ್ತಿದ್ದರು, "ಜಾತಿ ಧರ್ಮ ಎಲ್ಲಾ ಬಿಟ್ಟು ಹೊಂಟಿ ಏನವಾ?" ಅಂತ. ಅದನ್ನೂ ಪತ್ರದಲ್ಲಿ ಬರೆದೆ. ಮನೆಯಲ್ಲಿ ದೀಪ ಹಚ್ಚುತ್ತೇನೆ, ಶ್ರಾವಣ ಸೋಮವಾರ ಉಪವಾಸ ಮಾಡುತ್ತೇನೆ, ಅದನ್ನು ಬಿಡಲಾರೆ ಅಂತ.

ಇಬ್ಬರನ್ನು ನನ್ನ ಹತ್ತಿರ ಮಾತಾಡಲು ಕಳಿಸಿದರು. ಒಬ್ಬರು ನಮ್ಮ ಸಭೆಯವರು, ಇನ್ನೊಬ್ಬರು ಬೇರೆ ಊರಿನವರು. ಪ್ರೆಸ್ಟನ್‌ನ ಅಂಗಡಿಯಿಂದ ಮಂಡಕ್ಕಿ ತಂದು ಒಗ್ಗರಣೆ ಹಾಕಿಟ್ಟಿದ್ದೆ. ಇಂಟರ್‌ವ್ಯೂ ಅಂತ ಹೆದರಿಕೊಂಡಿದ್ದೆ. ಅವರು ಮೊದಲು ಹತ್ತು ನಿಮಿಷ ಸುಮ್ಮನೆ ಕೂತರು. ಆಮೇಲೆ ದೇವರ ಮನೆಯ ಕಡೆ ನೋಡಿ, "ದೀಪ ಹಚ್ಚುವಾಗ ನಿಮಗೆ ಏನನ್ನಿಸುತ್ತದೆ?" ಅಂತ ಕೇಳಿದರು. ನನ್ನನ್ನು ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಹಚ್ಚಿದೆಯಾ ಅಂತ ಕೇಳಿದ್ದಾರೆ, ಯಾಕೆ ಹಚ್ಚಿಲ್ಲ ಅಂತ ಕೇಳಿದ್ದಾರೆ. ಎರಡು ಗಂಟೆ ಮಾತಾಡಿದೆವು. ಕೋವಿಡ್ ವಾರ್ಡಿನ ವಿಷಯವೂ ಬಂತು. ನನಗೆ ಅಳು ಬಂದಾಗ ಅವರು ಸಮಾಧಾನ ಮಾಡಲು ಓಡಿ ಬರಲಿಲ್ಲ. ಇದ್ದರು, ಅಷ್ಟೇ. ಆ ಅಜ್ಜಿಯ ಮಂಚದ ಪಕ್ಕ ಇದ್ದ ಹಾಗೆ.

ನಂಬಿಕೆಯ ಪಟ್ಟಿ ಓದಿಸಿ ಒಪ್ಪಿಸಿಕೊಳ್ಳಲಿಲ್ಲ. ನೀರು ಚಿಮುಕಿಸುವುದಿಲ್ಲ, ಹೆಸರು ಬದಲಿಸುವುದಿಲ್ಲ. ಕೇಳಿದ್ದು ಇಷ್ಟು. ನೀವು ಈ ಜನರ ಜೊತೆ ಕಾಯಲು ತಯಾರಿದ್ದೀರಾ? ಯುದ್ಧದ ವಿಷಯದಲ್ಲಿ, ಸಮಾನತೆಯ ವಿಷಯದಲ್ಲಿ ನಾವು ಹಿಡಿದ ದಾರಿ ನಿಮ್ಮ ದಾರಿ ಅನ್ನಿಸುತ್ತದಾ? ನಮ್ಮಿಂದ ನಿಮಗೆ ಬೇಸರವಾದಾಗ ಬಂದು ಹೇಳುತ್ತೀರಾ? ಕೊನೆಯದಕ್ಕೆ ನಾನು ನವೆಂಬರ್ ತಿಂಗಳ ಕಥೆ ಹೇಳಿದೆ. ಅವರು ಬರೆದ ವರದಿಯನ್ನು ಕಳಿಸುವ ಮೊದಲು ನನಗೇ ಓದಲು ಕೊಟ್ಟರು. ಅದರಲ್ಲಿ ಮಂಡಕ್ಕಿಯ ವಿಷಯವೂ ಇತ್ತು.

ಅಕ್ಟೋಬರ್‌ನ ಒಂದು ಶನಿವಾರ ಏರಿಯಾ ಮೀಟಿಂಗ್. ಬೇರೆ ಊರಿನ ಮೀಟಿಂಗ್ ಹೌಸ್. ನನ್ನ ವಿಷಯ ಬಂದಾಗ ನಾನು ಅಡುಗೆಮನೆಯಲ್ಲಿ ಕಪ್ಪು ಒರೆಸುತ್ತಾ ನಿಂತಿದ್ದೆ. ಗೋಡೆಯ ಆಚೆ ಒಂದಿಷ್ಟು ಮಾತು, ಆಮೇಲೆ ಮೌನ, ಆಮೇಲೆ ಗುಂಪಾಗಿ ಒಂದು ಮೆಲುದನಿ. ಹೋಪ್ ಸೋ ಇರಬೇಕು ಅಂದುಕೊಂಡೆ. ಒಬ್ಬರು ಬಂದು ಕರೆದರು.

ಒಳಗೆ ಮೂವತ್ತು ಜನ ಇದ್ದರು. ನಾನು ಬಾಗಿಲ ಹತ್ತಿರವೇ ನಿಂತೆ. ಯೋಚಿಸಿ ನಿಂತದ್ದಲ್ಲ, ಕಾಲು ಅಲ್ಲೇ ನಿಂತಿತು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಕ್ಲರ್ಕ್ ಓದಲು ಕಾಗದ ಎತ್ತಿಕೊಂಡವರು ನನ್ನನ್ನು ನೋಡಿ ಮತ್ತೆ ಕೆಳಗಿಟ್ಟರು. ಏನೂ ಹೇಳಲಿಲ್ಲ. ಕಾದರು. ಎಲ್ಲರೂ ಕಾದರು. ವೃತ್ತದಲ್ಲಿ ಒಂದು ಕುರ್ಚಿ ಖಾಲಿ ಇತ್ತು. ನಾನು ಹೋಗಿ ಕೂತ ಮೇಲೆ ಕ್ಲರ್ಕ್ ನಡಾವಳಿ ಓದಿದರು.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಊರಿನಲ್ಲಿ ರಾತ್ರಿ ಹತ್ತೂವರೆ ದಾಟಿತ್ತು, ಮಲಗದೆ ಕಾಯುತ್ತಿದ್ದರು.

"ಪರ್ಮನೆಂಟ್ ಆತೇನವಾ?" ಅಂದರು.

"ಆತಪ್ಪಾ."

"ಆರ್ಡರ್ ಕಾಪಿ ಕೊಟ್ರೇನು?"

"ನಡಾವಳಿ ಕಾಪಿ ಕೊಟ್ಟಾರ."

"ಓದು ಹಂಗಾರ" ಅಂದರು. ನಾನು ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಆ ಕಡೆಯಿಂದ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.